ಉಗುರು ಹೋಗುವಷ್ಟು ಬಿರುಕು

2023ರಲ್ಲಿ ನಾನು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಒಂದು ಗ್ಯಾರೇಜಿನಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೆ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿದ್ದವನು. ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ಹೆಚ್ಚುಕಮ್ಮಿ ಇದ್ದರೂ ಪಾರ್ಟನ್ನು ವಾಪಸ್ ಕಳಿಸುತ್ತಿದ್ದೆ. ಆ ಜಂಬ ಮನೆಯಲ್ಲೂ ಬಿಟ್ಟಿರಲಿಲ್ಲ. ‘ದೋಸೆಗೂ ಗೇಜ್ ಇಟ್ಟು ನೋಡ್ತೀರಾ?’ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಇಂಥ ನಾನೇ ಒಂದು ಸಣ್ಣ ಕಾರಿನ ವಿಷಯದಲ್ಲಿ ಅಳತೆಪಟ್ಟಿ ಮುಟ್ಟದೆ ಸಹಿ ಹಾಕಿದೆ.

ನಮ್ಮ ಗ್ಯಾರೇಜಿಗೆ ಶುಕ್ರವಾರ ರಜ. ಕೆಲಸದವರಲ್ಲಿ ಮುಕ್ಕಾಲು ಪಾಲು ಜನ ನಮಾಜಿಗೆ ಹೋಗುವವರು, ಹಾಗಾಗಿ ಆ ಗಲ್ಲಿಯ ವಾರವೇ ಗುರುವಾರ ಸಂಜೆಗೆ ಮುಗಿಯುತ್ತಿತ್ತು. ವಾರದ ಕೊನೆಗೆ ಊರಿಗೆ ಹೋಗುವವರು, ಮದುವೆಗೆ ಹೋಗುವವರು ಎಲ್ಲರೂ ಗುರುವಾರವೇ ಬಂದು ಕುತ್ತಿಗೆಯ ಮೇಲೆ ಕೂರುತ್ತಿದ್ದರು. ನವೆಂಬರಿನ ಅಂಥದ್ದೊಂದು ಗುರುವಾರ, ನಾಲ್ಕು ಗಂಟೆಯ ಮೇಲೆ ಶರಣಪ್ಪ ಬಂದ.

ಶರಣಪ್ಪ ಯಾದಗಿರಿ ಕಡೆಯವನು. ಹೊರಮಾವಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದ. ಕೇಬಲ್ ಸುರುಳಿ, ಏಣಿ, ಡ್ರಿಲ್ ಎಲ್ಲವನ್ನೂ ಹೊತ್ತು ತಿರುಗುವ ಹಳೆಯ ನೀಲಿ ಬಣ್ಣದ ಸಣ್ಣ ಕಾರು ಅವನದು. ‘ಗಾಡಿ ಬಲಕ್ಕ ಎಳೀಲಕತ್ತದರಿ ಸಾಹೇಬ್ರ. ಎಡಗಡೆ ಮುಂದಿನ ಟೈರ್ ಒಳಗಿಂದ ಸವದದ. ಅವ್ವಗ ಇಲ್ಲಿ ಕಣ್ಣಿನ ಆಪರೇಷನ್ ಮಾಡಿಸೀನಿ, ಶನಿವಾರ ಮುಂಜಾನಿ ಊರಿಗಿ ಕರ್ಕೊಂಡು ಹೋಗ್ಬೇಕ್ರಿ. ಹೆಂಡ್ತಿ, ಮಕ್ಕಳು ಸೇರಿ ಐದು ಮಂದಿ ಅದೀವಿ’ ಎಂದ.

ಇಲ್ಲಿ ಸ್ವಲ್ಪ ವಿವರಿಸಬೇಕು. ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರದ ಮೇಲೆ ಸ್ಟ್ರಟ್ ಎಂಬ ಕಂಬ ನಿಂತಿರುತ್ತದೆ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಅದರಲ್ಲೇ. ಆ ಕಂಬದ ತಲೆ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಪಕ್ಕದಲ್ಲಿರುವ ತಗಡಿನ ಗುಮ್ಮಟಕ್ಕೆ ಮೂರು ನಟ್ಟುಗಳಲ್ಲಿ ಬಿಗಿದಿರುತ್ತದೆ. ಆ ಗುಮ್ಮಟವೇ ಸ್ಟ್ರಟ್ ಟವರ್. ಗುಂಡಿಯ ಪ್ರತಿ ಏಟೂ ಕೊನೆಗೆ ಹೋಗಿ ಬೀಳುವುದು ಅಲ್ಲಿಗೇ. ಟವರ್ ಒಳಕ್ಕೆ ಬಾಗಿದರೆ ಚಕ್ರದ ತಲೆಯೂ ಒಳಕ್ಕೆ ವಾಲುತ್ತದೆ. ಚಕ್ರದ ಈ ವಾಲಿಕೆಗೆ ಕ್ಯಾಂಬರ್ ಎನ್ನುತ್ತಾರೆ.

ಕಾರನ್ನು ಚಕ್ರಗಳ ವಾಲಿಕೆ ಅಳೆಯುವ ಅಲೈನ್‌ಮೆಂಟ್ ಮಷೀನಿಗೆ ಹತ್ತಿಸಿದೆವು. ಪರದೆಯಲ್ಲಿ ಎಡಚಕ್ರ ಕೆಂಪು ತೋರಿಸಿತು. ಸಮಯವಿದ್ದಿದ್ದರೆ ಯಾಕೆ ಕೆಂಪು ಎಂದು ಕೇಳುತ್ತಿದ್ದೆ. ಹಿಂದೆ ಇನ್ನೂ ಐದು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ನಮ್ಮ ಕಸುಬಿನಲ್ಲಿ ಇದಕ್ಕೊಂದು ಅಡ್ಡದಾರಿಯಿದೆ. ಚಕ್ರದ ಬಳಿ ಸ್ಟ್ರಟ್ಟಿನ ಬುಡದ ಬೋಲ್ಟ್ ತೆಗೆದು, ಅದಕ್ಕಿಂತ ಸಣ್ಣ ಕ್ಯಾಂಬರ್ ಬೋಲ್ಟ್ ಹಾಕಿದರೆ ತೂತಿನಲ್ಲಿ ಜಾಗ ಸಿಕ್ಕಿ ಚಕ್ರವನ್ನು ಒಂದೆರಡು ಡಿಗ್ರಿ ಹೊರಕ್ಕೆ ವಾಲಿಸಬಹುದು. ಹಾಕಿಸಿದೆ. ಪರದೆ ಹಸಿರಾಯಿತು. ಪ್ರಿಂಟ್‌ಔಟ್ ತೆಗೆದು ಸಹಿ ಹಾಕಿ ಕೊಟ್ಟೆ. ಶರಣಪ್ಪ ಅದನ್ನು ಮಡಿಸಿ, ಡ್ಯಾಶ್‌ಬೋರ್ಡಿನ ದೇವರ ಪಟದ ಹಿಂದೆ ಭದ್ರವಾಗಿ ಸಿಕ್ಕಿಸಿಕೊಂಡು ಹೋದ. ನಾವು ಕಸವನ್ನೂ ಗುಡಿಸದೆ ಶಟರ್ ಎಳೆದೆವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಗ್ಯಾರೇಜ್ ತೆರೆದಾಗ ಮೊದಲು ಬಂದವರು ಡೆಂಟರ್ ಅನ್ವರ್ ಭಾಯಿ. ತಗಡಿನ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದವರು. ಮಷೀನಿನ ಕೆಳಗೆ ಗುಡಿಸುತ್ತಿದ್ದವರು ಏನನ್ನೋ ಹೆಕ್ಕಿಕೊಂಡು ನನ್ನ ಮೇಜಿನ ಮೇಲಿಟ್ಟರು. ಬೆರಳುದ್ದದ ಸೀಲರ್ ಚೂರು, ಅಂದರೆ ಎರಡು ತಗಡು ಕೂಡುವ ಸಂದಿಗೆ ಕಂಪನಿಯಲ್ಲೇ ಬಳಿಯುವ ಅಂಟು. ಒಂದು ಕಡೆ ನೀಲಿ ಬಣ್ಣ, ಇನ್ನೊಂದು ಕಡೆ ತುಕ್ಕು.

‘ಮೂರ್ತಿ ಸಾಬ್, ಇದು ಟವರ್‌ದು. ಒಳಗೆ ತುಕ್ಕು ಕೂತಿದೆ ಅಂದ್ರೆ ಜಾಯಿಂಟ್ ಬಾಯಿ ಬಿಟ್ಟು ಬಹಳ ದಿನ ಆಗಿದೆ. ಯಾವ ಗಾಡೀದು?’

ಗುರುವಾರ ಮಷೀನು ಹತ್ತಿದ ನೀಲಿ ಗಾಡಿ ಒಂದೇ. ಫೈಲಿನಿಂದ ಪ್ರಿಂಟ್‌ಔಟಿನ ನಕಲು ಎಳೆದೆ. ಅದರಲ್ಲಿ ಎರಡು ಕಾಲಂ: ಕೆಲಸಕ್ಕೆ ಮೊದಲಿನದು, ನಂತರದ್ದು. ಎಲ್ಲರೂ ನೋಡುವುದು ಎರಡನೆಯದನ್ನು. ಮೊದಲನೆಯದರಲ್ಲಿ ಎಡಚಕ್ರ ಎರಡು ಡಿಗ್ರಿಗೂ ಹೆಚ್ಚು ಒಳಕ್ಕೆ ವಾಲಿತ್ತು, ಬಲಚಕ್ರ ಅರ್ಧ ಡಿಗ್ರಿಯೂ ಇರಲಿಲ್ಲ. ಟವರ್ ಬಾಗಿದೆ ಎಂದು ಮಷೀನು ನನ್ನ ಮುಖಕ್ಕೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ. ಬಾನೆಟ್ ಕೂಡ ಎತ್ತಿ ನೋಡಿರಲಿಲ್ಲ. ಈಗ ಆ ಬಿರುಕಿನ ಮೇಲೆ ಐದು ಜನ, ಅವರ ಗಂಟುಮೂಟೆ, ಮುಂದೆ ಹೆದ್ದಾರಿ. ಟವರ್ ಪೂರ್ತಿ ಕಿತ್ತುಬಂದರೆ ಸ್ಟೀರಿಂಗ್ ಯಾರ ಮಾತೂ ಕೇಳುವುದಿಲ್ಲ.

ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ. ‘ಇನ್ನೂ ಹೊರಟಿರಲ್ಲ ಸಾಬ್, ನಡೀರಿ’ ಎಂದು ಅನ್ವರ್ ಭಾಯಿ ಗ್ಯಾರೇಜಿನ ವ್ಯಾನ್ ತೆಗೆದರು. ಹಲಸೂರು ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿಯುವಷ್ಟರಲ್ಲಿ ನಾನು ಹನ್ನೊಂದು ಸಲ ನಂಬರ್ ಒತ್ತಿದ್ದೆ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ಅಲುಗಾಡಲಿಲ್ಲ. ಎದುರಿಗೆ ಬರುವ ಪ್ರತಿ ನೀಲಿ ಕಾರನ್ನೂ ಇಣುಕಿ ನೋಡಿದೆ. ದೇವರಲ್ಲಿ ಅಷ್ಟೇನೂ ಬೇಡದ ನಾನು ಅವತ್ತು ಮನೆದೇವರಿಗೆ ಹರಕೆ ಹೊತ್ತೆ, ಸುಳ್ಳೇಕೆ ಹೇಳಲಿ.

ಫೈಲಿನಲ್ಲಿದ್ದ ವಿಳಾಸ ಹಿಡಿದು ಹೋದರೆ ಹೊರಮಾವಿನ ಕೋಣೆಗೆ ಬೀಗ. ಪಕ್ಕದ ಕೋಣೆಯ ಹೆಣ್ಣುಮಗಳು ‘ಏಳೂವರಿಗೇ ಹೋದ್ರಲ್ರೀ’ ಎಂದಳು. ಪುಣ್ಯಕ್ಕೆ ಶರಣಪ್ಪನ ಹೆಂಡತಿಯ ನಂಬರ್ ಅವಳ ಬಳಿ ಇತ್ತು. ಮೂರನೇ ರಿಂಗಿಗೆ ಫೋನ್ ಎತ್ತಿದರು. ಚಿಕ್ಕಬಳ್ಳಾಪುರದ ಹತ್ತಿರ ತಿಂಡಿಗೆ ನಿಂತಿದ್ದರು. ಫೋನನ್ನು ಶರಣಪ್ಪನಿಗೆ ಕೊಡಿಸಿದೆ.

‘ಶರಣಪ್ಪ, ಗಾಡಿ ಸ್ಟಾರ್ಟ್ ಮಾಡ್ಬೇಡಿ. ಬಾನೆಟ್ ಎತ್ತಿ. ಎಡಗಡೆ ಮೂಲೇಲಿ ಮೂರು ನಟ್ ಕಾಣ್ಸುತ್ತಲ್ಲ, ಅದರ ಸುತ್ತ ಬೆರಳಾಡಿಸಿ.’

‘ಯಾಕ್ರಿ? ಹಸಿರು ಕಾಗದ ಕೊಟ್ಟೀರಲ್ಲ?’

‘ಮೊದ್ಲು ನೋಡಿ, ಆಮೇಲೆ ಬೈಯೋರಂತೆ.’

ಬಾನೆಟ್ ಎತ್ತಿದ ಸದ್ದು ಕೇಳಿತು. ಅವನು ಮೆಲ್ಲಗೆ ಹೇಳಿದ: ‘ಸಾಹೇಬ್ರ, ಉಗುರು ಒಳಗ ಹೋಗ್ಲಕತ್ತದರಿ.’

ಗಾಡಿಯನ್ನು ಒಂದು ಅಡಿಯೂ ಓಡಿಸಬೇಡಿ, ಹೊತ್ತು ತರಲು ಟೋಯಿಂಗ್ ಗಾಡಿ ಕಳಿಸುತ್ತೇನೆ, ಮನೆಯವರಿಗೆ ಬೇರೆ ಗಾಡಿ ಮಾಡಿಕೊಡುತ್ತೇನೆ ಎಂದೆ. ಅಷ್ಟರಲ್ಲಿ ಫೋನನ್ನು ಅವನ ತಾಯಿ ಇಸಿದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

‘ತಮ್ಮಾ, ನನ್ನ ಕಣ್ಣಿಗಿ ಪಟ್ಟಿ ಕಟ್ಯಾರ. ನಿಮ್ಮ ಕಣ್ಣಿಗಿ ಏನಾಗಿತ್ತು?’

‘ನೋಡ್ಲಿಲ್ಲ ಅಮ್ಮಾ. ತಪ್ಪಾಯ್ತು’ ಎಂದೆ.

ಕಾರು ಮಧ್ಯಾಹ್ನ ಗ್ಯಾರೇಜಿಗೆ ಬಂತು. ಎರಡೂ ಟವರುಗಳ ತಲೆಯಿಂದ ಎದುರು ಮೂಲೆಗೆ ಅಳತೆಪಟ್ಟಿ ಹಿಡಿದೆ. ಎಡಗಡೆಯದು ಒಂಬತ್ತು ಮಿಲಿಮೀಟರ್ ಒಳಕ್ಕೆ ಬಂದಿತ್ತು, ತಲೆ ನಾಲ್ಕು ಮಿಲಿಮೀಟರ್ ಉಬ್ಬಿತ್ತು. ಎರಡು ನಿಮಿಷದ ಅಳತೆ. ಸ್ಟ್ರಟ್ ಬಿಚ್ಚಿದಾಗ ಕಾರಣವೂ ಸಿಕ್ಕಿತು. ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿ ಹೋಗಿತ್ತು, ತಲೆಯ ರಬ್ಬರ್ ಮೌಂಟ್ ಪುಡಿಯಾಗಿತ್ತು. ಏಟನ್ನು ನುಂಗುವವರು ಯಾರೂ ಇಲ್ಲದೆ ಎಲ್ಲವೂ ನೇರ ತಗಡಿಗೇ ಬಿದ್ದಿತ್ತು.

‘ಗ್ಯಾಸಿಂದ ಕಾಯಿಸಿ ಬಡಿದ್ರೆ ಬೇಗ ಆಗಲ್ವಾ?’ ಎಂದು ನಾನು ಕೇಳಿದ್ದೇ ತಡ, ಅನ್ವರ್ ಭಾಯಿ ಸುತ್ತಿಗೆ ಕೆಳಗಿಟ್ಟರು. ‘ಸಾಬ್, ಕಾಯಿಸಿದ್ರೆ ತಗಡಿನ ಜೀವ ಹೋಗ್ತದೆ. ಗುರುವಾರದ ಅರ್ಜೆಂಟ್ ಸಾಕಾಗ್ಲಿಲ್ವಾ ನಿಮಗೆ?’

ಎರಡು ಟವರುಗಳ ನಡುವೆ ಜಾಕ್ ಇಟ್ಟು ತಳ್ಳಿದರೆ ಸರಿ ಇರುವ ಬಲಗಡೆಯದೂ ಬಾಗುತ್ತದೆ. ಅದಕ್ಕೇ ಅವರು ಕಾರಿನ ತಳವನ್ನು ಬೆಂಚ್ ಎಂಬ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಎಡ ಟವರನ್ನು ಮಾತ್ರ ಸರಪಳಿಯಲ್ಲಿ ಹೊರಕ್ಕೆ ಎಳೆದರು. ಒಂದು ಮಿಲಿಮೀಟರ್ ಎಳೆಯುವುದು, ಬಿಡುವುದು, ಅಳೆಯುವುದು. ಬಿರುಕಿನ ತುದಿಗಳಲ್ಲಿ ಅದು ಮುಂದೆ ಓಡದಂತೆ ಸಣ್ಣ ತೂತು ಕೊರೆದು, ತುಕ್ಕನ್ನು ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ತುಣುಕು ತುಣುಕಾಗಿ ವೆಲ್ಡ್ ಮಾಡಿದರು. ಮೇಲೆ ಮೂರು ಮಿಲಿಮೀಟರ್ ದಪ್ಪದ ಪ್ಲೇಟನ್ನು ಟವರಿನ ಆಕಾರಕ್ಕೆ ಕತ್ತರಿಸಿ ಕೂರಿಸಿದರು. ಹೊಸ ಶಾಕ್, ಹೊಸ ಮೌಂಟ್ ಎರಡೂ ಕಡೆ ಹಾಕಿದೆವು. ಎರಡು ಟವರುಗಳನ್ನೂ ಜೋಡಿಸುವ ಸ್ಟ್ರಟ್ ಬಾರ್ ಎಂಬ ಅಡ್ಡಪಟ್ಟಿಯನ್ನು ಬಿಗಿದೆವು. ಅದಿದ್ದರೆ ಒಂದು ಕಡೆ ಬಿದ್ದ ಏಟು ಎರಡಕ್ಕೂ ಹಂಚಿಹೋಗುತ್ತದೆ. ಎಂಟು ದಿನ ಹಿಡಿಯಿತು, ಮಧ್ಯೆ ಒಂದು ಶುಕ್ರವಾರ ಸೇರಿ. ಕ್ಯಾಂಬರ್ ಬೋಲ್ಟನ್ನು ನಾನೇ ಕೈಯಾರೆ ತೆಗೆದು ಕಂಪನಿಯ ಬೋಲ್ಟ್ ಹಾಕಿ ಮಷೀನಿಗೆ ಹತ್ತಿಸಿದೆ. ಕ್ಯಾಂಬರನ್ನು ಯಾರೂ ಮುಟ್ಟದೆಯೇ ಅದರ ಮೊದಲ ಕಾಲಮ್ಮೇ ಹಸಿರು ಬಂತು.

ಅಂದಿನಿಂದ ನಮ್ಮಲ್ಲಿ ಬಾನೆಟ್ ಎತ್ತದೆ ಯಾವ ಕಾರೂ ಮಷೀನು ಹತ್ತಲಿಲ್ಲ, ಗುರುವಾರವಾದರೂ ಸರಿ. ಮೊದಲ ಕಾಲಂ ಕೆಂಪಿದ್ದರೆ ಕಾರಣ ಬರೆಯದೆ ನಾನು ಸಹಿ ಹಾಕಲಿಲ್ಲ. ಬಂದವರಿಗೆಲ್ಲ ಹೇಳುತ್ತಿದ್ದೆ: ಗುಂಡಿಯಲ್ಲಿ ದಢ್ ಎಂದು ಸದ್ದು ಬಂದರೆ ರಬ್ಬರ್ ಮೌಂಟ್ ನೋಡಿಸಿ, ಸೋರುವ ಶಾಕ್ ಇಟ್ಟುಕೊಂಡು ಭಾರ ಹೇರಬೇಡಿ, ತಿಂಗಳಿಗೊಮ್ಮೆ ಆ ಮೂರು ನಟ್ಟಿನ ಸುತ್ತ ಉಗುರಾಡಿಸಿ. ಮೂವತ್ತೊಂದು ವರ್ಷದ ಇನ್‌ಸ್ಪೆಕ್ಷನ್ ಕಲಿಸದ್ದನ್ನು ಆ ಸೀಲರ್ ಚೂರು ಕಲಿಸಿತು. ಕಾಗದ ಸರಿಯಾಯಿತೆಂದು ಗಾಡಿ ಸರಿಯಾಗುವುದಿಲ್ಲ.

ಒಂದು ತಿಂಗಳಾದ ಮೇಲೆ ಕಣ್ಣಿನ ತಪಾಸಣೆಗೆ ತಾಯಿಯನ್ನು ಅದೇ ಕಾರಿನಲ್ಲಿ ಕರೆತಂದ ಶರಣಪ್ಪ, ದಾರಿಯಲ್ಲಿ ಗ್ಯಾರೇಜಿಗೂ ಬಂದ. ನಾನು ಕೇಳುವ ಮೊದಲೇ ಬಾನೆಟ್ ಎತ್ತಿಸಿದರು ಆ ಅಮ್ಮ. ಪಟ್ಟಿ ಬಿಚ್ಚಿದ್ದ ಕಣ್ಣನ್ನು ಟವರಿನ ಹತ್ತಿರಕ್ಕೆ ಒಯ್ದು, ಮೂರು ನಟ್ಟಿನ ಸುತ್ತ ತಮ್ಮ ಉಗುರನ್ನು ಮೆಲ್ಲಗೆ ಆಡಿಸಿದರು. ಒಂದು ಸುತ್ತು, ಮತ್ತೊಂದು ಸುತ್ತು. ನಾನೂ ಅನ್ವರ್ ಭಾಯಿಯೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಕೈಕಟ್ಟಿ ನಿಂತಿದ್ದೆವು.

‘ಉಗುರು ಎಲ್ಲೂ ಹೋಗವಲ್ದು’ ಎಂದರು. ಆಮೇಲೆ ಡ್ಯಾಶ್‌ಬೋರ್ಡಿನ ದೇವರ ಪಟದ ಹಿಂದೆ ಇನ್ನೂ ಸಿಕ್ಕಿಸಿದ್ದ ನನ್ನ ಹಳೆಯ ಹಸಿರು ಕಾಗದವನ್ನು ತೆಗೆದು, ನನ್ನ ಕೈಗಿಟ್ಟು, ಕಾರು ಹತ್ತಿದರು.