ಬಾನೆಟ್ಟಿಗೊಂದು ಕೌದಿ

ನಮ್ಮ ಮಾವನವರ ಬಲಗಾಲು ಸುಮ್ಮನಿದ್ದದ್ದನ್ನು ನಾನು ಬಹಳ ವರ್ಷ ನೋಡಲೇ ಇಲ್ಲ. ಊಟದ ಟೇಬಲ್ಲಿನ ಕೆಳಗೆ, ವರಾಂಡದ ಕುರ್ಚಿಯ ಮುಂದೆ, ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಕೂತಾಗಲೂ ಅದು ಕಾಣದ ಆಕ್ಸಿಲರೇಟರನ್ನು ಒತ್ತುತ್ತಲೇ ಇರುತ್ತಿತ್ತು. ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆದು ಹೋಗುತ್ತಿತ್ತು. ಮದುವೆಯಾಗಿ ನಾಗಪುರದ ಆ ಮನೆಗೆ ಬಂದ ಹೊಸತರಲ್ಲಿ, ಬಡಿಸುವಾಗ ಟೇಬಲ್ಲು ಅಲುಗಿ ಸಾರು ಚೆಲ್ಲಿದರೆ ನನ್ನ ಕೈಯೇ ನಡುಗಿತೇನೋ ಎಂದು ಗಾಬರಿಯಾಗುತ್ತಿದ್ದೆ. "ಹೆದರಬ್ಯಾಡವಾ, ಅವರು ಈಗ ಘಾಟ್ ಏರಲಿಕ್ಕೆ ಹತ್ಯಾರ" ಎಂದು ಅತ್ತೆ ನಗುತ್ತಿದ್ದರು.

ಮಾವನವರು ಧಾರವಾಡದ ಕಡೆಯವರು. ಕೇಂದ್ರ ಸರ್ಕಾರದ ಗಣಿ ಇಲಾಖೆಯ ನೌಕರಿ ಹಿಡಿದು ನಾಗಪುರಕ್ಕೆ ಬಂದವರು, ವಿದರ್ಭದ ಮ್ಯಾಂಗನೀಸ್ ಗಣಿಗಳ ಧೂಳು ದಾರಿಗಳಲ್ಲಿ ಜನ್ಮವಿಡೀ ಜೀಪು ಓಡಿಸಿದರು. ಸರ್ಕಾರ ಕೊಟ್ಟ ಡ್ರೈವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಾವೇ ಓಡಿಸುವ ಸಾಹೇಬರು ಅವರು. ರಿಟೈರ್ ಆದಮೇಲೂ ಚಹಾ ನಿಂತೇ ಕುಡಿಯುವುದು, ಜೇಬಿನಲ್ಲಿ ಕೀಲಿಗೊಂಚಲು ಗಲಗಲ ಅನ್ನಿಸುವುದು, ಮೇ ತಿಂಗಳ ಮಧ್ಯಾಹ್ನ ಊರಿಗೆ ಊರೇ ಕೂಲರಿನ ಮುಂದೆ ಬಿದ್ದುಕೊಂಡಿದ್ದರೆ ಇವರು ವರಾಂಡದಲ್ಲಿ ಅತ್ತಿಂದಿತ್ತ ಓಡಾಡುವುದು. ಅವರನ್ನು ನೋಡುತ್ತ ಕೂತರೆ ನಮಗೇ ದಣಿವಾಗುತ್ತಿತ್ತು. ಯಾವ ಜಗಳವಿರಲಿ, ಯಾವ ಚರ್ಚೆಯಿರಲಿ, ಕೊನೆಗೆ ಅವರದೊಂದು ಮಾತು ಇದ್ದೇ ಇರುತ್ತಿತ್ತು: "ಮಂದಿ ಸುಳ್ಳು ಹೇಳ್ತಾರ. ಗಾಡಿ ಹೇಳೂದಿಲ್ಲ."

ನನ್ನ ಗಂಡನ ತಂಗಿ, ಎಂದರೆ ನಮ್ಮ ನಾದಿನಿ, ಕೇಂದ್ರ ಸರ್ಕಾರದ ಶಾಲೆಯೊಂದರ ಶಿಕ್ಷಕಿ. ಲಡಾಖಿಗೆ ವರ್ಗವಾಗಿ ಹೋದವಳು ಅಲ್ಲಿಯ ಶಿಕ್ಷಕನೊಬ್ಬನನ್ನೇ ಮದುವೆಯಾಗಿ, ಲೇಹ್‌ನಿಂದ ಇನ್ನೂ ಒಳಗಿದ್ದ ಅವನ ಊರಿನಲ್ಲೇ ಉಳಿದುಬಿಟ್ಟಳು. ಮಾವನವರು ಕೆಲವು ದಿನ ಮುಖ ಗಂಟಿಕ್ಕಿಕೊಂಡಿದ್ದು, ಆಮೇಲೆ ತಾವೇ ಸೀತಾಬರ್ಡಿ ಪೇಟೆಗೆ ಹೋಗಿ ಅಳಿಯನಿಗೊಂದು ಸೂಟಿನ ಬಟ್ಟೆ ತಂದರು. ಆ ಮದುವೆ ನಮ್ಮ ಮನೆಯನ್ನು ಒಡೆಯಲಿಲ್ಲ. ಒಡೆದದ್ದು ಅತ್ತೆಯ ಸಾವು.

ಎಂಬತ್ತರ ದಶಕದ ನಡುವಿನ ಒಂದು ಜನವರಿ. ಅತ್ತೆ ಇದ್ದಕ್ಕಿದ್ದಂತೆ ಹೋದರು. ನಾದಿನಿಗೆ ತಾರು ಹೋಯಿತು. ಮಾವನವರು ಗೇಟಿನ ಹತ್ತಿರ ನಿಂತೇ ಇದ್ದರು, ಪ್ರತಿ ಆಟೋದ ಸದ್ದಿಗೂ ಕತ್ತೆತ್ತುತ್ತ. ಅವಳು ಬರಲಿಲ್ಲ. ಮಣ್ಣಿಗೂ ಬರಲಿಲ್ಲ, ಹದಿಮೂರನೆಯ ದಿನದ ಊಟಕ್ಕೂ ಬರಲಿಲ್ಲ. ಬಂದದ್ದು ಎಲ್ಲ ಮುಗಿದು ನೆಂಟರು ಊರಿಗೆ ಹೋದಮೇಲೆ. ಚಳಿಗೆ ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ಕೆನ್ನೆ ಕಪ್ಪಾಗಿತ್ತು. ಮಾವನವರು ಬಾಗಿಲಲ್ಲೇ ತಡೆದರು.

"ಈಗ್ಯಾಕ ಬಂದಿ?"

"ಅಪ್ಪಾ, ದಾರಿ ಬಂದ್ ಇತ್ತು. ಮಿಲಿಟರಿ ವಿಮಾನದಾಗ ಒಂದು ಸೀಟ್ ಕೊಡ್ತೀವಿ ಅಂದಿದ್ರು. ಅಲ್ಲೀತನಕ ಹೋಗಲಿಕ್ಕೆ ಶಾಲಿ ಜೀಪು ಚಾಲೂ ಆಗಲಿಲ್ಲ. ಬೆಳಗಿಂದ ಮಧ್ಯಾಹ್ನದ ತನಕ ನೂಕಿದ್ವಿ. ವಿಮಾನ ಹೋಗಿಬಿಡ್ತು. ಆಮ್ಯಾಲೆ ಹಿಮಾ ಬಿದ್ದು ಒಂದೂ ಬರಲಿಲ್ಲ."

"ಜನ್ಮಾ ಎಲ್ಲಾ ಗಾಡಿ ಓಡಿಸೀನಿ. ಚಾಲೂ ಆಗಲಾರದ ಗಾಡಿ ನಾ ಒಂದೂ ನೋಡಿಲ್ಲ. ಬರಬೇಕು ಅನ್ನಿಸಿದ್ರ ಬರ್ತಿದ್ದಿ."

ಅವಳು ಅಳಲಿಲ್ಲ. ಅತ್ತೆಯ ಫೋಟೋಕ್ಕೆ ಕೈಮುಗಿದು, ನಾನು ಕೊಟ್ಟ ನೀರನ್ನಷ್ಟೇ ಕುಡಿದು, ಮರುದಿನದ ರೈಲಿಗೆ ಹೊರಟುಹೋದಳು. ನನಗೆ ಮಾವನವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸೊಸೆಯಾದವಳು ಬಾಯಿ ಬಿಡುವ ಕಾಲ ಅದಲ್ಲ, ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಅಲ್ಲಿಂದ ಮಾವನವರ ಚಡಪಡಿಕೆ ಹೆಚ್ಚಿತು. ರಾತ್ರಿ ನಿದ್ದೆಯಿಲ್ಲ, ಹಗಲು ಮನೆಯಲ್ಲಿ ನಿಲ್ಲುವುದಿಲ್ಲ. ಒಂದು ದಿನ ಚಹಾದ ಕಪ್ಪನ್ನು ಕಿಟಕಿಯ ಮೇಲಿಟ್ಟು ಘೋಷಿಸಿದರು: "ನಾ ಒಂದು ಗಾಡಿ ತಗೋತೀನಿ. ದಾರಿ ಬಂದ್ ಆಗೂಕಿಂತ ಮೊದಲ ಲಡಾಖಿಗೆ ಒಯ್ದು, ಜನವರಿಯೊಳಗ ಆಕಿ ಮನಿ ಮುಂದ ನಿಂತು ಚಾಲೂ ಮಾಡಿ ತೋರಸ್ತೀನಿ."

"ಅಪ್ಪಗ ತಲಿ ಕೆಟ್ಟದ" ಎಂದು ನನ್ನ ಗಂಡ ಒಳಗೆ ಬಂದು ತಲೆ ಚಚ್ಚಿಕೊಂಡರು.

ಗಾಡಿ ಆರಿಸುವುದೇ ಒಂದು ದೊಡ್ಡ ಕಥೆಯಾಯಿತು. ಕಾಮಟಿಯಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಗಾಡಿಗಳನ್ನು ನೋಡಿ ಬಂದರು. ಗಟ್ಟಿಮುಟ್ಟಾಗಿದ್ದವು, ಆದರೆ ಮೇಲೆ ಕ್ಯಾನ್‌ವಾಸು, ಒಳಗೆ ಕಬ್ಬಿಣದ ಬೆಂಚು. ಬೇಡವೆಂದರು. ಜೀಪನ್ನಂತೂ ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. "ಇದ್ದದ್ದರಾಗ ಎಲ್ಲಾಕಿಂತ ಚಲೋ ಗಾಡಿ ಬೇಕು. ನಾಳೆ ಗಾಡಿನೇ ಬರೋಬರ್ ಇರಲಿಲ್ಲ ಅಂತ ಯಾರೂ ಅನಬಾರದು." ಕೊನೆಗೆ ಸದರ್ ಬಡಾವಣೆಯ ಒಬ್ಬ ಗುತ್ತಿಗೆದಾರನ ಶೆಡ್ಡಿನಲ್ಲಿ ಅವರ ಕಣ್ಣು ನಿಂತಿತು. ಯಾವುದೋ ದೊಡ್ಡ ಕಾಮಗಾರಿಗೆ ಬಂದಿದ್ದ ಪರದೇಶದ ಇಂಜಿನಿಯರುಗಳು ಬಿಟ್ಟುಹೋದ ಜಪಾನಿನ ಡೀಸೆಲ್ ಗಾಡಿ. ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು, ಒಳಗೆ ಮಖಮಲ್ಲಿನ ಸೀಟು, ನೆಲಕ್ಕೆ ಕಾರ್ಪೆಟ್ಟು, ಬಿಸಿಗಾಳಿಗೊಂದು ಯಂತ್ರ, ತಣ್ಣನೆಯ ಗಾಳಿಗೊಂದು. ನಮ್ಮ ಓಣಿಯಲ್ಲಿ ಆಗ ಸ್ಕೂಟರೇ ಶ್ರೀಮಂತಿಕೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ಊರಾಚೆಯ ಕಳಮೇಶ್ವರದ ದಾರಿಯಲ್ಲಿ ಇದ್ದಬದ್ದ ತಗ್ಗುಗಳನ್ನೆಲ್ಲ ಹುಡುಕಿ ಹುಡುಕಿ ಹಾರಿಸಿದರು. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಮತ್ತೆ ಮತ್ತೆ ಒಂದೇ ಪ್ರಶ್ನೆ.

"ಹೊಟ್ಯಾಗ ತೊಳಸ್ತದೇನು, ತಂಗಿ?"

"ಇಲ್ರಿ ಮಾಮಾ."

"ಈಗ?"

"ಈಗೂ ಇಲ್ರಿ."

ಮನೆಗೆ ಬಂದು ಅಕ್ಕಿ ತೊಳೆಯುವಾಗ ಥಟ್ಟನೆ ಹೊಳೆಯಿತು. ನಮ್ಮ ಮನೆಯಲ್ಲಿ ಗಾಡಿ ಹತ್ತಿದರೆ ವಾಂತಿ ಮಾಡಿಕೊಳ್ಳುವವಳು ನಾನಲ್ಲ, ನಾದಿನಿ. ಚಿಕ್ಕವಳಿದ್ದಾಗ ಅಪ್ಪನ ಜೀಪಿನಲ್ಲಿ ಕೂತ ಪ್ರತಿಸಲವೂ ಅತ್ತೆಯ ಸೆರಗು ಹಾಳಾಗುತ್ತಿತ್ತಂತೆ. ಮಗಳನ್ನು ಸುಳ್ಳಿ ಎಂದು ಸಾಧಿಸಲು ಹೊರಟ ಮನುಷ್ಯ, ಅವಳ ಹೊಟ್ಟೆ ತೊಳಸದ ಸೀಟನ್ನು ಹುಡುಕುತ್ತಿದ್ದರು. ನನ್ನ ಸಿಟ್ಟು ಅಂದೇ ಅರ್ಧ ಇಳಿಯಿತು.

ಇನ್ನು ತಯಾರಿ. ಬಿಸಿಲು ತಲೆ ಸುಡುವ ನಾಗಪುರದಲ್ಲಿ ಹಿಮದ ತಯಾರಿ! ಬೆಳಗಾದರೆ ಗಾಡಿಯ ಕೆಳಗಿನಿಂದ ಎರಡು ಕಾಲು ಹೊರಬಂದಿರುತ್ತಿದ್ದವು. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಅದು ಗಡ್ಡೆಕಟ್ಟಿ ಎಂಜಿನ್ನನ್ನೇ ಸೀಳುತ್ತದೆಂದು ಗೊತ್ತಾಯಿತು, ಮುಂಬಯಿಯಿಂದ ಗಡ್ಡೆಕಟ್ಟದ ಹಸಿರು ದ್ರವ ತರಿಸಿದರು. ಆಯಿಲು ಬೆಲ್ಲದ ಪಾಕದಂತೆ ಗಟ್ಟಿಯಾಗುತ್ತದೆಂದು ಗೊತ್ತಾಯಿತು, ತೆಳ್ಳನೆಯದನ್ನು ಹಾಕಿದರು. ಚಳಿಗೆ ಬ್ಯಾಟರಿಯ ಜೀವ ಹೋಗುತ್ತದೆಂದು ಇನ್ನೊಂದು ಬ್ಯಾಟರಿ ಕೂಡಿಸಿದರು. ಹೆಪ್ಪುಗಟ್ಟದಿರಲೆಂದು ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರು. ಹಿಮದಲ್ಲಿ ಜಾರದಿರಲೆಂದು ಗಾಲಿಗೆ ಸರಪಳಿ ಮಾಡಿಸಿದರು. ಒಮ್ಮೆ ಕೈಯೊರೆಸಿಕೊಳ್ಳುತ್ತ ನನ್ನನ್ನು ಕೇಳಿದರು: "ಆ ಶಾಲಿ ಜೀಪಿನೊಳಗ ಇದೆಲ್ಲಾ ಹಾಕಿರ್ತಾರೇನು?"

"ಶಾಲಿಯವರು ಯಾಕ ಹಾಕ್ತಾರ್ರಿ ಮಾಮಾ?" ಎಂದೆ. ಅವರು ಮತ್ತೆ ಗಾಡಿಯ ಕೆಳಗೆ ನುಸುಳಿದರು.

ಕೊನೆಗೆ ನನಗೂ ಒಂದು ಕೆಲಸ ಬಂತು. "ತಂಗಿ, ಎಂಜಿನ್ನಿಗೆ ಒಂದು ಕೌದಿ ಹೊಲಿದು ಕೊಡ್ತಿ? ಬಾನೆಟ್ ಮ್ಯಾಲೆ ಹೊಚ್ಚಲಿಕ್ಕೆ. ಇಕೀ ಸೀರಿ ಅವ ಅಲ್ಲ, ಅವನ್ನ ತಗೋ." ಇಕೀ ಅಂದರೆ ಅತ್ತೆ. ಟ್ರಂಕಿನಿಂದ ಅತ್ತೆಯ ಹಳೆಯ ಇಳಕಲ್ ಸೀರೆಗಳನ್ನು ತೆಗೆದು, ಪದರ ಪದರ ಹಾಸಿ, ಬಾನೆಟ್ಟಿನ ಅಳತೆಗೆ ಕೌದಿ ಹೊಲಿದೆ. ಧಾರವಾಡದ ಕಡೆ ಕೂಸಿಗೆ ಹೊಲಿಯುತ್ತಾರೆ, ಬಾಣಂತಿಗೆ ಹೊಲಿಯುತ್ತಾರೆ, ಗಾಡಿಗೆ ಹೊಲಿದವಳು ನಾನೊಬ್ಬಳೇ ಇರಬೇಕು. ಆ ಸೆಕೆಯಲ್ಲಿ ತೊಡೆಯ ಮೇಲೆ ಕೌದಿ ಹರವಿಕೊಂಡು ಕೂತರೆ ಬೆವರು ಸೂಜಿಯ ಮೇಲೆ ಹನಿಯುತ್ತಿತ್ತು. ಮಾವನವರು ಸುತ್ತುತ್ತಲೇ ಇರುತ್ತಿದ್ದರು: "ಆತೇನು? ಜಲ್ದಿ ಮಾಡು." ಸೂಜಿ ಅವರ ಕೈಗೇ ಕೊಡಬೇಕೆನ್ನಿಸುತ್ತಿತ್ತು.

ಎಲ್ಲ ಆಯಿತು. ಆದರೆ ಹಿಮವಿಲ್ಲದ ಊರಲ್ಲಿ ಪರೀಕ್ಷೆ ಮಾಡುವುದು ಹೇಗೆ? ಜನವರಿಯ ತನಕ ಕಾಯುವ ಜೀವ ಅದಲ್ಲ. ಕಳಮೇಶ್ವರದ ಕೈಗಾರಿಕಾ ವಸಾಹತಿನಲ್ಲಿ ಅವರ ಪರಿಚಯದ ಮರಾಠಿ ಶೇಟ್‌ಜಿಯೊಬ್ಬರು ಐಸ್‌ಕ್ರೀಮ್ ಇಡುವುದಕ್ಕೆ ಹೊಸ ಗೋದಾಮು ಕಟ್ಟಿದ್ದರು. ಮಾಲು ಇನ್ನೂ ತುಂಬಿರಲಿಲ್ಲ, ಯಂತ್ರ ಚೆನ್ನಾಗಿ ನಡೆಯುತ್ತದೋ ಇಲ್ಲವೋ ನೋಡುತ್ತಿದ್ದರು. ಲಾರಿಯೇ ಒಳಗೆ ಹೋಗುವಷ್ಟು ದೊಡ್ಡ ಬಾಗಿಲು. ಮಾವನವರು ಹೋಗಿ ಕೇಳಿದರು, ಶೇಟ್‌ಜಿ ಹೊಟ್ಟೆ ಹಿಡಿದುಕೊಂಡು ನಕ್ಕು ಒಪ್ಪಿದರು. ಒಂದು ಸಂಜೆ ಗಾಡಿಯನ್ನು ಒಳಗೆ ನಿಲ್ಲಿಸಿ, ಬಾನೆಟ್ಟಿಗೆ ಕೌದಿ ಹೊದಿಸಿ, ಕೂಸನ್ನು ಮಲಗಿಸಿದ ಹಾಗೆ ಅಂಚು ಒತ್ತಿ, ಬಾಗಿಲು ಹಾಕಿಸಿ ಬಂದರು.

ಮರುದಿನ ಬೆಳಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ಗೋದಾಮಿನ ಅಂಗಳದಲ್ಲಿ ಆಗಲೇ ಬಿಸಿಲು ಉರಿಯುತ್ತಿತ್ತು. ಮಾವನವರು ಸ್ವೆಟರು, ಮಫ್ಲರು, ಮಂಗನ ಟೋಪಿ ಹಾಕಿಕೊಂಡು ಶತಪಥ ತಿರುಗುತ್ತಿದ್ದರು. ಕೂಲಿಗಳು ನಿಂತು ನಗುತ್ತಿದ್ದರು, ಸುಳ್ಳೇಕೆ, ನಾನೂ ನಕ್ಕೆ. ಬಾಗಿಲು ತೆಗೆದಾಗ ಬಿಳಿಯ ಹೊಗೆಯಂಥ ಚಳಿ ನೆಲದ ಗುಂಟ ಹೊರಗೆ ಬಂತು. ಉಷ್ಣಮಾಪಕ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತು.

ಮಾವನವರು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಎಂಜಿನ್ನು ಒಮ್ಮೆ ನರಳಿ ನಿಂತಿತು. ಇನ್ನೊಂದು ಬ್ಯಾಟರಿಗೆ ಬದಲಿಸಿದರು. ನಿಧಾನವಾಗಿ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ. ಮತ್ತೊಮ್ಮೆ. ಇಳಿದು ಕೌದಿ ಸರಿಸಿ, ಬಾನೆಟ್ಟು ಎತ್ತಿ, ಡೀಸೆಲ್ ಸೋಸುವ ಬಟ್ಟಲನ್ನು ಬಿಚ್ಚಿದರು. ಒಳಗೆ ಡೀಸೆಲು ಚಳಿಗಾಲದ ತುಪ್ಪದಂತೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಸೀಮೆಎಣ್ಣೆ ಬೆರೆಸಿದ್ದೂ ಸಾಲದಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಹೋಗಿ ಮತ್ತೆ ಸೀಟಿನಲ್ಲಿ ಕೂತರು, ಬಾಗಿಲು ಎಳೆದುಕೊಂಡರು.

ನಾವೆಲ್ಲ ಹೊರಗೆ ಕಾಯುತ್ತಿದ್ದೆವು. ಅವರು ಬರಲೇ ಇಲ್ಲ. "ಸಾಹೇಬ್, ಬಾಹೇರ್ ಯಾ" ಎಂದು ಶೇಟ್‌ಜಿ ಹೊರಗೆ ಬರುವಂತೆ ಕೂಗಿದರು, ಈಗ ನಗು ಇರಲಿಲ್ಲ. ನಾನು ಸೆರಗು ಹೊದ್ದು ಒಳಗೆ ಹೋಗಿ ಗಾಡಿಯ ಬಾಗಿಲು ತೆಗೆದೆ. ಮಾವನವರ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಬಲಗಾಲು ಪೆಡಲಿನ ಮೇಲಿತ್ತು, ಅಲುಗುತ್ತಿರಲಿಲ್ಲ.

"ಆಕಿ ಖರೇನ ಹೇಳಿದ್ಲು" ಎಂದರು. "ಇಲ್ಲೆ ಗಾಳಿ ಇಲ್ಲ, ಹಿಮಾ ಇಲ್ಲ. ಇಷ್ಟೆಲ್ಲಾ ಮಾಡಿದ್ರೂ ಚಾಲೂ ಆಗಲಿಲ್ಲ. ಅವ್ವ ಸತ್ತ ಸುದ್ದಿ ತಗೊಂಡು ಆ ಹುಡುಗಿ ಗಾಡಿ ನೂಕ್ಯಾಳ, ತಂಗಿ. ನಾ ಬಾಗಲದಾಗ ನಿಂದರಿಸಿ ಏನಂದೆ?"

ಗಂಡಸು ಅಷ್ಟು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗಾಡಿಯ ಮುಂದೆ ಬಿದ್ದಿದ್ದ ಕೌದಿಯನ್ನು ತಂದು ಅವರ ಹೆಗಲಿಗೆ ಹಾಕಿ, ಕೈಹಿಡಿದು ಬಿಸಿಲಿಗೆ ಕರೆತಂದೆ.

ಜನವರಿಯ ಯೋಜನೆ ಅಲ್ಲಿಗೇ ಮುಗಿಯಿತು. ಜೂನಿನಲ್ಲಿ ಕಾಶ್ಮೀರದ ಕಡೆಯಿಂದ ದಾರಿ ತೆರೆದದ್ದೇ ತಡ, ಮಾವನವರು, ನನ್ನ ಗಂಡ, ನಾನು ಮೂವರೂ ಹೊರಟೆವು. ಅಷ್ಟು ಸಿಂಗಾರಗೊಂಡ ಗಾಡಿ ನಿಜವಾದ ಚಳಿಯನ್ನು ನೋಡಲೇ ಇಲ್ಲ. ಸರಪಳಿಗಳು ಹಿಂದೆ ಝಣಝಣ ಅನ್ನುತ್ತಿದ್ದವು, ಅಷ್ಟೇ. ನಾದಿನಿಯ ಊರು ಬಂದಾಗ ಅವಳು ಮನೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡು ಒದ್ದೆ ಬಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಂತಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಬಂದಿದ್ದ ಮಾವನವರು ಕೌದಿಯನ್ನು ಅವಳ ಕೈಗೆ ಕೊಟ್ಟು, "ನಿಮ್ಮವ್ವನ ಸೀರಿ" ಎಂದರು. ಆಮೇಲೆ, "ಗಾಡಿ ಚಾಲೂ ಆಗಲಿಲ್ಲ ನೋಡವಾ" ಎಂದರು.

ಅವಳಿಗೆ ಏನೂ ತಿಳಿಯಲಿಲ್ಲ. ಅಷ್ಟು ದೂರ ಓಡಿಬಂದು ಮುಂದೆ ನಿಂತಿದ್ದ ಗಾಡಿಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ಐಸ್‌ಕ್ರೀಮಿನ ಗೋದಾಮಿನ ಕಥೆಯನ್ನು ನಾನೇ ಹೇಳಬೇಕಾಯಿತು. ಅರ್ಧ ಕೇಳುವಷ್ಟರಲ್ಲಿ ಅವಳು ಅಪ್ಪನ ಹೆಗಲಿಗೆ ಮುಖವೊತ್ತಿದ್ದಳು.

ಗಾಡಿ ಆಮೇಲೆ ಮಾರಿಹೋಯಿತು. ಮಾವನವರ ಕಾಲು ಮತ್ತೆ ಕುಣಿಯತೊಡಗಿತು, ನಾನು ಸಾರಿನ ಪಾತ್ರೆಯನ್ನು ದೂರವಿಡುವುದನ್ನು ಕಲಿತೆ. ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿದಾಗ, ಒಂದು ಡಿಸೆಂಬರ್ ಸಂಜೆ ನನ್ನನ್ನು ಕರೆದು, "ನಾ ಛಳಿಯೊಳಗ ಹೋದ್ರ ಆಕಿ ದಾರಿ ಕಾಯಬ್ಯಾಡ್ರಿ. ಬಂದಾಗ ಬಾಗಲಾ ತಗೀರಿ. ಯಾರೂ ಏನೂ ಕೇಳಬ್ಯಾಡ್ರಿ" ಎಂದರು. ಹೋಗುವುದಕ್ಕೂ ಪುಣ್ಯಾತ್ಮರು ಜನವರಿಯನ್ನೇ ಹುಡುಕಿಕೊಂಡರು.

ನಾದಿನಿಗೆ ಬರಲಾಗಲಿಲ್ಲ. ಹದಿಮೂರನೆಯ ದಿನ ಊರಿನಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಎಲೆಯ ಮುಂದೆ ಕೂತು, "ಇರೂಕಿ ಒಬ್ಬಾಕಿ ಮಗಳು. ಬರಬೇಕು ಅನ್ನಿಸಿದ್ರ ಬರ್ತಿದ್ಲು" ಎಂದರು.

"ಅನ್ನಿಸಿರ್ತದರಿ" ಎಂದೆ ಬಡಿಸುತ್ತ. "ಅಲ್ಲೆ ಗಾಡಿ ಚಾಲೂ ಆಗೂದಿಲ್ಲ."

"ಅದು ನಿನಗ ಹ್ಯಾಂಗ ಗೊತ್ತು?"

"ನಮ್ಮ ಮಾವನವರು ನೋಡ್ಯಾರ್ರಿ."

ನೆಂಟರೆಲ್ಲ ಹೋದರು. ನಾಗಪುರದಲ್ಲಿಯೂ ಆ ವರ್ಷ ಒಳ್ಳೆಯ ಚಳಿಯಿತ್ತು, ಬಾಗಿಲು ಹಾಕಿಕೋ ಎಂದು ನನ್ನ ಗಂಡ ದಿನಾ ಗೊಣಗುತ್ತಿದ್ದರು. ನಾದಿನಿಯ ಆಟೋ ಗೇಟಿನ ಮುಂದೆ ನಿಲ್ಲುವ ತನಕ ಹಗಲೆಲ್ಲ ಆ ಬಾಗಿಲನ್ನು ನಾನು ಹಾಕಗೊಡಲಿಲ್ಲ.