ನಾನು ಅಮೆರಿಕಕ್ಕೆ ಕಳಿಸಿದ ಪ್ರಧಾನಿ

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಹದಿಮೂರನೆಯ ಚಿತ್ರ ಪರದೆಯ ಮೇಲೆ ಬಿತ್ತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಉಪನ್ಯಾಸ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು ಎಂದು ಪ್ರತಿ ಊರಿನ ವರದಿಯಲ್ಲೂ ಬರೆಯಬೇಕಾಗಿತ್ತು. ಹಾಗಾಗಿ ದೀಪದ ಸಂದಿನ ಬೆಳಕಿನಲ್ಲಿ ಗಡಿಯಾರ ನೋಡುವುದು ನನಗೆ ರೂಢಿಯಾಗಿತ್ತು. ಅಂದು ಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ ಕತ್ತಲಿನಿಂದ ಒಂದು ದನಿ ಬಂತು.

"ಅವನೇ ಕಣ್ರಲಾ, ಚುಟ್ಟದೋನು."

ಅದು ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಯುದ್ಧ ಪ್ರಚಾರದ ಉಪನ್ಯಾಸಕ್ಕೆ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ನನ್ನ ಪಾಲಿಗೆ ಬಂದವು. ಜೊತೆಗೆ ಸೀಮೆಎಣ್ಣೆಯಿಂದ ಉರಿಯುವ ಮ್ಯಾಜಿಕ್ ಲ್ಯಾಂಟರ್ನ್, ಗಾಜಿನ ಚಿತ್ರಗಳ ಒಂದು ಪೆಟ್ಟಿಗೆ, ಎರಡು ಪಂಚೆ ಸೇರಿಸಿ ಹೊಲಿದ ಪರದೆ, ಮತ್ತೆ ದೀಪ ನೋಡಿಕೊಳ್ಳಲು ಐವತ್ತು ದಾಟಿದ ಒಬ್ಬ ಜವಾನ. ಹಡಗು, ವಿಮಾನ, ಟ್ಯಾಂಕು ತೋರಿಸಿ ಕೊನೆಯಲ್ಲಿ ಮಿತ್ರರಾಷ್ಟ್ರಗಳ ನಾಯಕರನ್ನು ತೋರಿಸಬೇಕು. ಹದಿಮೂರನೆಯದು ಇಂಗ್ಲೆಂಡಿನ ಪ್ರಧಾನಮಂತ್ರಿ. ಹದಿನಾಲ್ಕನೆಯದು ಅಮೆರಿಕದ ಅಧ್ಯಕ್ಷರು.

ಮಿರ್ಲೆಯಿಂದ ಗಾಡಿಯಲ್ಲಿ ಒಂದು ಗಂಟೆ ದಾರಿಯ ಆ ಹಳ್ಳಿಯಲ್ಲಿ ಒಕ್ಕಣೆ ಮುಗಿದ ಕಣವೊಂದರಲ್ಲಿ ಜನ ಸೇರಿದ್ದರು. ಸುತ್ತ ಹುಲ್ಲಿನ ಮೆದೆಗಳು. ಹೆಂಗಸರು ಮಕ್ಕಳು ಮೆದೆಗೆ ಒರಗಿ ಕೂತಿದ್ದರು. ಎತ್ತು ಬಿಚ್ಚಿದ ಗಾಡಿಯ ಮೇಲೆ ಲ್ಯಾಂಟರ್ನ್ ಇಟ್ಟಿದ್ದೆವು. ಪಟೇಲರು ಒಂದು ಕುರ್ಚಿಯಲ್ಲಿ ಕೂತು ಚುಟ್ಟ ಸೇದುತ್ತಿದ್ದರು. ಆ ವಾರವೇ ಸರ್ಕಾರದವರು ಬಂದು ಊರಿನಿಂದ ಕಡ್ಡಾಯದ ಲೆವಿ ರಾಗಿ ಅಳೆದುಕೊಂಡು ಹೋಗಿದ್ದರು. ಅದಕ್ಕೂ ಕೆಲವು ತಿಂಗಳ ಹಿಂದೆ ಊರಿನ ಒಬ್ಬ ಯುವಕ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದನೆಂದು ಜೈಲು ಸೇರಿದ್ದ. ಇವೆರಡೂ ನನಗೆ ತಿಳಿದದ್ದು ಆಮೇಲೆ.

ಮೊದಲ ಕಲ್ಲು ಪರದೆಗೆ ಬಿತ್ತು. ಪ್ರಧಾನಿಯ ಮುಖ ಒಮ್ಮೆ ಅಲುಗಾಡಿ ಮತ್ತೆ ನೆಟ್ಟಗಾಯಿತು. ಎರಡನೆಯದು ಗಾಡಿಯ ಹಲಗೆಗೆ ತಾಗಿತು. ಆರೇಳು ಜನ ಎದ್ದು ಬಂದು ಗಾಡಿಯ ಚಕ್ರ ಹಿಡಿದು ಅಲುಗಿಸಿದರು. ಲ್ಯಾಂಟರ್ನ್ ಓರೆಯಾಯಿತು, ಎಣ್ಣೆ ಚೆಲ್ಲಿತು, ಚಿಮಣಿಯಿಂದ ಒಂದು ಗೇಣು ಉರಿ ಮೇಲೆದ್ದಿತು. ಜವಾನ ಆ ಕಾದ ತಗಡಿನ ಡಬ್ಬವನ್ನು ಎರಡೂ ಕೈಯಿಂದ ಮಗುವಿನಂತೆ ತಬ್ಬಿ ಹಿಡಿದ. ಹುಲ್ಲು ಎಂಟು ಅಡಿ ದೂರದಲ್ಲಿತ್ತು. ಅಲ್ಲಿ ಒಂದು ಕೂಸು ತಾಯಿಯ ತೊಡೆಯ ಮೇಲೆ ಮಲಗಿತ್ತು. ಇವತ್ತಿಗೂ ನಾನು ಲೆಕ್ಕ ಹಾಕುತ್ತೇನೆ. ಅವನ ಕೈ ಜಾರಿದ್ದರೆ ಮೆದೆಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕಾಗಿತ್ತು? ಕಣಕ್ಕೆ ಇದ್ದದ್ದು ಒಂದೇ ದಾರಿ, ಅದಕ್ಕೆ ನಮ್ಮ ಗಾಡಿ ಅಡ್ಡ ನಿಂತಿತ್ತು.

ನಾನು ಗಾಡಿಯ ಮೂಕಿಯ ಮೇಲೆ ಹತ್ತಿ ನಿಂತು, ಇವರು ಇಂಗ್ಲೆಂಡಿನವರಲ್ಲ, ಅಮೆರಿಕದ ಅಧ್ಯಕ್ಷರು ಎಂದು ಕೂಗಿದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅದು. ಚಕ್ರ ಅಲುಗಿಸುತ್ತಿದ್ದ ಕೈಗಳು ನಿಂತವು. ಮೊದಲು ದನಿ ಎತ್ತಿದ್ದ ಯುವಕ ಮಾತ್ರ ಬಿಡಲಿಲ್ಲ. ಜೈಲಿಗೆ ಹೋದವನ ತಮ್ಮ ಅವನೇ. ಇಂಗ್ಲೆಂಡಿನವನು ದಪ್ಪಗಿದ್ದಾನೆ, ಚುಟ್ಟ ಸೇದುತ್ತಾನೆ ಎಂದು ಕೃಷ್ಣರಾಜನಗರದ ಹೋಟೆಲಿನಲ್ಲಿ ಕೇಳಿದ್ದೇನೆ ಎಂದ. ಅದಕ್ಕೆ ಹಿಂದಿನಿಂದ ಯಾರೋ ಮುದುಕ ಉತ್ತರ ಕೊಟ್ಟ.

"ನಮ್ ಪಟೇಲ್ರೂ ದಪ್ಪಗವ್ರೆ, ಚುಟ್ಟ ಸೇದ್ತಾರೆ. ಅವ್ರೂ ಇಂಗ್ಲೆಂಡಿನೋರೇನ್ಲಾ?"

ಕಣವೆಲ್ಲ ನಕ್ಕಿತು. ಪಟೇಲರೂ ನಕ್ಕರು. ಆ ನಗು ನಮ್ಮನ್ನು ಉಳಿಸಿತು.

ಆದರೆ ನಕ್ಕವರು ಮತ್ತೆ ಕೂತು ಪ್ರಶ್ನೆ ಕೇಳತೊಡಗಿದರು. ಇವರನ್ನು ಅಧ್ಯಕ್ಷರನ್ನಾಗಿ ಮಾಡಿದವರು ಯಾರು? ಜನ, ಎಂದೆ. ಕಂದಾಯ ಕಟ್ಟುವವರು ಮಾತ್ರವೋ? ಇಲ್ಲ, ಗೇಯುವವರೂ ಸೇರಿ, ಎಂದೆ. ಅಲ್ಲಿನ ಕರಿಯ ಜನರಲ್ಲಿ ಎಷ್ಟೋ ಮಂದಿಗೆ ಓಟು ಹಾಕಲು ಬಿಡುವುದಿಲ್ಲವೆಂದು ಓದಿದ್ದೆ, ಅದನ್ನು ಹೇಳಲಿಲ್ಲ. ಜನಕ್ಕೆ ಬೇಡವಾದರೆ? ನಾಲ್ಕು ವರ್ಷಕ್ಕೆ ಒಮ್ಮೆ ಎದುರಿಗೆ ಬಂದು ನಿಂತು ಕೇಳಬೇಕು, ಬೇಡವೆಂದರೆ ಮನೆಗೆ ಹೋಗಬೇಕು. ಪರದೆಯ ಮೇಲೆ ಆ ದಪ್ಪ ಮುಖ ಸುಮ್ಮನೆ ನನ್ನನ್ನು ನೋಡುತ್ತಿತ್ತು. ನಾನು ಅವರಿಗೆ ಹೊಸ ಜನ್ಮ ಕೊಡುತ್ತಾ ಹೋದೆ. ನದೀತೀರದಲ್ಲಿ ಒಂದು ಬಿಳಿಯ ಮನೆ. ಬಾಗಿಲಿಗೆ ರೈತರು ಬಂದರೆ ಎದ್ದು ಬಂದು ಅರ್ಜಿ ಕೈಗೆ ತೆಗೆದುಕೊಳ್ಳುತ್ತಾರೆ. ಯಾರನ್ನೂ ಮಾತಾಡಿದ್ದಕ್ಕೆ ಒಳಗೆ ಹಾಕುವುದಿಲ್ಲ. ಜನ ಆ ಮುಖವನ್ನು ಪ್ರೀತಿಯಿಂದ ನೋಡುವುದನ್ನು ನಾನೇ ಕಂಡೆ. ಅದೇ ಗಲ್ಲ, ಅದೇ ಚುಟ್ಟ. ಕುರ್ಚಿ ಬದಲಾದ ಮಾತ್ರಕ್ಕೆ ಕ್ರೌರ್ಯವೆನಿಸಿದ್ದು ಗಟ್ಟಿತನವೆನಿಸಿತು.

ಜವಾನ ನನ್ನ ಕಿವಿಯ ಹತ್ತಿರ ಬಗ್ಗಿದ. "ಸ್ವಾಮಿ, ಇವ್ರನ್ನೇನೋ ಅಮೆರಿಕಕ್ಕೆ ಕಳಿಸಿಬುಟ್ರಿ. ಪೆಟ್ಟಿಗೇಲಿ ಇನ್ನೊಬ್ರು ಅಮೆರಿಕದೋರು ಕಾಯ್ತಾ ಕೂತವ್ರಲ್ಲ, ಅವ್ರನ್ನೇನ್ ಮಾಡಾನ?"

ಹದಿನಾಲ್ಕನೆಯ ಚಿತ್ರವನ್ನು ಅಂದು ತೋರಿಸಲಿಲ್ಲ. ಜವಾನನ ಮುಂಗೈಗಳು ಸುಟ್ಟು ಬೊಬ್ಬೆ ಎದ್ದಿದ್ದವು. ಪಟೇಲರ ಮನೆಯಿಂದ ಜೇನುತುಪ್ಪ ತರಿಸಿ ಹಚ್ಚಿದೆವು. ಪಟೇಲರು ವರದಿಗೆ ರುಜು ಹಾಕುವಾಗ, ತಮ್ಮ ಮನೆಗೂ ವಾರಕ್ಕೊಮ್ಮೆ ಪತ್ರಿಕೆ ಬರುತ್ತದೆ, ಅದರಲ್ಲಿ ಚಿತ್ರಗಳೂ ಇರುತ್ತವೆ ಎಂದಷ್ಟೇ ಹೇಳಿದರು. ಉಪನ್ಯಾಸ ಶಾಂತವಾಗಿ ನಡೆಯಿತು ಎಂದು ನಾನು ಬರೆದದ್ದನ್ನು ಅವರು ತಿದ್ದಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬೇಗ ಮರೆಯುತ್ತಿದ್ದೆನೋ ಏನೋ. ಬೆಳಗ್ಗೆ ಗಾಡಿ ಹೂಡುವಾಗ ಒಬ್ಬ ಹೆಂಗಸು ಬಂದು ನಿಂತಳು. ಜೈಲಿನಲ್ಲಿದ್ದವನ ತಾಯಿ. ಸೆರಗಿನಲ್ಲಿ ಮಡಿಸಿದ ಒಂದು ಹಾಳೆ, ಅದನ್ನು ಶಾನುಭೋಗರ ಮನೆಯಿಂದ ಕೇಳಿ ತಂದಿದ್ದಳು.

"ಆ ಅಧ್ಯಕ್ಷರಿಗೆ ಒಂದು ಅರ್ಜಿ ಬರ್ಕೊಡಿ ಸ್ವಾಮಿ. ಇಂಗ್ಲೆಂಡಿನೋರು ಅವ್ರ ಮಾತು ಕೇಳ್ತಾರೆ ಅಂದ್ರಲ್ಲ ನೀವು."

ಹಾಗೆ ಅಂದಿದ್ದೆನೋ ಇಲ್ಲವೋ ನನಗೆ ನೆನಪಿರಲಿಲ್ಲ. ಅಂದಿರಬಹುದು. ಬರೆಯುವುದಿಲ್ಲ ಎನ್ನಬೇಕಾದರೆ ನಿಜ ಹೇಳಬೇಕಾಗಿತ್ತು. ಅವಳ ಹಿಂದೆ ಹತ್ತು ಮಾರು ದೂರದಲ್ಲಿ ಅವಳ ಎರಡನೆಯ ಮಗ ನಿಂತಿದ್ದ. ನಾನು ಗಾಡಿಯ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ಗಂಡನಿಲ್ಲ, ಆರು ಹೊಲಿಗೆ ಹಾಕಿದ ಸೀರೆ ಉಟ್ಟಿದ್ದೇನೆ ಎಂದೆಲ್ಲ ಬರೆಯಬೇಡಿ, ಮುಂಗಾರಿಗೆ ಮೊದಲು ಮಗನನ್ನು ಬಿಡಿಸಿ ಎಂದಷ್ಟು ಸಾಕು ಎಂದಳು. ಆಮೇಲೆ ಒಂದು ಸೇರಿಸಿದಳು. "ನಿಮ್ಗೂ ತಾಯಿ ಇರ್ತಾಳೆ ಅಂತ ಬರೀರಿ."

ಅವಳು ಹೆಬ್ಬೆಟ್ಟು ಒತ್ತಿ, ಹಾಳೆಯ ಕೆಳಗೆ ನೋಡಿದಳು. ಅಕ್ಷರ ಬರದಿದ್ದರೂ ಅರ್ಜಿಯ ಆಕಾರ ಅವಳಿಗೆ ಗೊತ್ತಿತ್ತು. ನಮ್ಮ ಕಡೆ ಯಾವ ಕಾಗದವೇ ಆಗಲಿ, ಬರೆದುಕೊಟ್ಟವರು ಕೊನೆಯಲ್ಲಿ ಬಿಕ್ಕಲಂ ಎಂದು ತಮ್ಮ ಹೆಸರು ಹಾಕಬೇಕು. ಅದಿಲ್ಲದಿದ್ದರೆ ಕಾಗದಕ್ಕೆ ಹೊಣೆಗಾರರಿಲ್ಲ. ನಿಮ್ಮ ಬಿಕ್ಕಲಂ ಎಲ್ಲಿ ಎಂದು ಕೇಳಿದಳು. ಪರದೇಶಕ್ಕೆ ಹೋಗುವ ಅರ್ಜಿಗೆ ಅದು ಬೇಡ ಎಂದೆ. ಸರಿ ಎಂದು ತಲೆಯಾಡಿಸಿದಳು. ನಾನು ಹೇಳಿದ್ದರಲ್ಲಿ ನನಗೆ ಇಂದಿಗೂ ಹೆಚ್ಚು ನಾಚಿಕೆ ತರುವ ಮಾತು ಅದು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಓರೆಯಾದ ಲ್ಯಾಂಟರ್ನ್. ತೆರೆದರೆ ಚೀಲದಲ್ಲಿ ಆ ಅರ್ಜಿ. ಅದನ್ನು ಅಂಚೆಗೆ ಹಾಕಿದರೆ ಒಡೆದು ಓದುತ್ತಾರೆ, ಅವಳ ಮನೆಗೆ ಪೊಲೀಸರು ಹೋಗುತ್ತಾರೆ. ಹರಿದು ಹಾಕಿದರೆ ಅವಳು ಉತ್ತರಕ್ಕೆ ಕಾಯುತ್ತಲೇ ಇರುತ್ತಾಳೆ. ಎರಡೂ ಮಾಡದೆ ಹೊತ್ತು ತಿರುಗಿದೆ. ಪಿರಿಯಾಪಟ್ಟಣದ ಸಂತೆಗೆ ಹೋದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಚುಟ್ಟ ಸೇದುವ ಒಳ್ಳೆಯ ಅಧ್ಯಕ್ಷರನ್ನು ತೋರಿಸಿ ಎಂದರು. ಹುಣಸೂರಿನಲ್ಲಿ ಹೊಗೆಸೊಪ್ಪಿನ ಬೆಳೆಗಾರನೊಬ್ಬ, ಆತ ನಮ್ಮ ಸೊಪ್ಪನ್ನೇ ಸೇದುವುದು ಎಂದು ಪಕ್ಕದವನಿಗೆ ಹೇಳುತ್ತಿದ್ದ. ಹೆಗ್ಗಡದೇವನಕೋಟೆಯಲ್ಲಿ ಇಬ್ಬರು ಅರ್ಜಿ ಹಿಡಿದೇ ಬಂದಿದ್ದರು. ಇವರು ಇಂಗ್ಲೆಂಡಿನ ಪ್ರಧಾನಿ ಎಂದು ಅಲ್ಲೆಲ್ಲ ಹೇಳಲು ಬಾಯಿ ತೆರೆದೆ. ಗಾಡಿ ಅಲುಗಿದಂತಾಗಿ ಮುಚ್ಚಿದೆ. ನಾಲ್ಕು ತಾಲ್ಲೂಕಿನಲ್ಲಿ ಅವರು ಅಮೆರಿಕದವರಾಗಿ ಉಳಿದರು. ನಿಜವಾದ ಅಧ್ಯಕ್ಷರು ಜವಾನನ ಹಾಸಿಗೆಯೊಳಗೆ ಸುತ್ತಿಕೊಂಡು ನಮ್ಮ ಜೊತೆ ತಿರುಗಿದರು.

ಸಮಾಧಾನಕ್ಕೆ ನಾನೊಂದು ದಾರಿ ಹುಡುಕಿದ್ದೆ. ಆ ಪ್ರಧಾನಿಯ ತಾಯಿ ಅಮೆರಿಕದವಳು ಎಂದು ಎಲ್ಲೋ ಓದಿದ್ದೆ. ಹಾಗಾದರೆ ನನ್ನದು ಅರ್ಧ ಸುಳ್ಳು. ಅವರು ಆ ತಾಯಿಯ ದೇಶದಲ್ಲೇ ಹುಟ್ಟಿ, ಆ ಜನರ ಮುಂದೆ ನಾಲ್ಕು ವರ್ಷಕ್ಕೊಮ್ಮೆ ನಿಂತಿದ್ದರೆ ನಮ್ಮವರ ಬಗ್ಗೆ ಬೇರೆ ರೀತಿ ಯೋಚಿಸುತ್ತಿದ್ದರೇ? ರಾತ್ರಿಗಳಲ್ಲಿ ಇದನ್ನೇ ತಿರುವಿ ಹಾಕುತ್ತಿದ್ದೆ. ಬಹುಶಃ ಇಲ್ಲ. ಅವರು ಓಟಿಗಾಗಿ ಎದುರು ನಿಲ್ಲಬೇಕಾದ ಜನರಲ್ಲಿ ನಾವು ಆಗಲೂ ಇರುತ್ತಿರಲಿಲ್ಲ. ಈ ಯೋಚನೆ ಬಂದ ಮೇಲೆ ನನ್ನ ಅರ್ಧ ಸುಳ್ಳು ಪೂರ್ತಿ ಸುಳ್ಳಾಯಿತು.

ಮೊದಲ ಮಳೆಗೆ ಮುಂಚೆ, ಒಂದು ಮಧ್ಯಾಹ್ನ, ಜವಾನನ ಜೊತೆ ಆ ಹಳ್ಳಿಗೆ ಮತ್ತೆ ಹೋದೆ. ಲ್ಯಾಂಟರ್ನ್ ತೆಗೆದುಕೊಂಡಿರಲಿಲ್ಲ. ಹದಿಮೂರನೆಯ ಚಿತ್ರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ಅವಳ ಮನೆಯ ಜಗಲಿಯಲ್ಲಿ ಅವಳನ್ನೂ ಮಗನನ್ನೂ ಕೂರಿಸಿ ಹೇಳಿದೆ: ಇವರು ಇಂಗ್ಲೆಂಡಿನ ಪ್ರಧಾನಿ. ನಿಮ್ಮ ಅರ್ಜಿ ಇಲ್ಲೇ ಇದೆ. ಹೆದರಿ ಸುಳ್ಳು ಹೇಳಿದೆ.

ಮಗ ಗಾಜಿಗೆ ಕೈ ಚಾಚಿದ. ಕೊಟ್ಟೆ. ಅವನು ಅಂಗಳಕ್ಕೆ ಇಳಿದು ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ಅವನ ಕಾಲ ಹತ್ತಿರ ಒರಳುಕಲ್ಲಿತ್ತು. ನಾನು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಆಳೆತ್ತರವಾಗಿದ್ದ ಮುಖ ಈಗ ಹುಣಿಸೆ ಬೀಜದಷ್ಟಿತ್ತು.

"ಇಷ್ಟೇನಾ ಇವ್ನು," ಎಂದ. ಸ್ವಲ್ಪ ಹೊತ್ತು ನೋಡಿ ತಾಯಿಯ ಕೈಗೆ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, ಕಲ್ಲು ಎಸೆದದ್ದು ತಾನೇ ಎಂದ. ದೀಪ ಓರೆಯಾದಾಗ ತನ್ನ ಹೆಂಡತಿ ಕೂಸು ಮೆದೆಯ ಹತ್ತಿರ ಇದ್ದರಂತೆ. ತನಗೂ ನಿದ್ದೆ ಇಲ್ಲ ಎಂದ. ಜವಾನನ ಕೈಯ ಕಲೆ ನೋಡಿ ತಲೆ ತಗ್ಗಿಸಿದ.

ತಾಯಿಯೂ ಗಾಜನ್ನು ಬಿಸಿಲಿಗೆ ಹಿಡಿದಳು.

"ಒಳಗೆ ಹಾಕ್ದೋನು ಇವ್ನಾದ್ರೆ ಅರ್ಜಿ ಇವ್ನಿಗೇ ತಾನೆ ಕೊಡ್ಬೇಕು? ಆ ಅಮೆರಿಕದೋರಿಗೆ ಯಾಕೆ ತೊಂದ್ರೆ?"

ಇವರೂ ಹಾಕಿದ್ದಲ್ಲ, ನಿಮ್ಮ ಮಗನ ಕಾಗದಕ್ಕೆ ರುಜು ಹಾಕಿದ ಅಧಿಕಾರಿ ಮೈಸೂರಿನಲ್ಲಿ ಇರುತ್ತಾರೆ ಎಂದೆ. ಅವಳು ಗಾಜನ್ನು ಇಳಿಸಿ ನನ್ನನ್ನು ನೋಡಿದಳು.

"ಅಷ್ಟು ಹತ್ರಾನಾ?"

ಸಮುದ್ರದ ಆಚೆಯ ಒಬ್ಬನನ್ನು ಇನ್ನೊಬ್ಬನನ್ನಾಗಿ ಮಾಡಿ ತಿಂಗಳುಗಟ್ಟಲೆ ಯೋಚಿಸಿದ್ದೆ. ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿದ್ದ ಮೇಜನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಹೆದರಬೇಕಾಗುತ್ತಿತ್ತು.

ಹಳೆಯ ಅರ್ಜಿ ಹರಿದು ಹೊಸದು ಬರೆದೆ. ಮೈಸೂರಿನ ಆ ಅಧಿಕಾರಿಗೆ. ಅವಳ ಮಾತುಗಳನ್ನು ಹಾಗೇ ಇಟ್ಟೆ, ತಾಯಿಯ ಮಾತನ್ನೂ. ಹೆಬ್ಬೆಟ್ಟಿನ ಕೆಳಗೆ ಬಿಕ್ಕಲಂ ಎಂದು ಬರೆದು ನನ್ನ ಹೆಸರು, ತಂದೆಯ ಹೆಸರು, ಬಿ.ಎ., ಯುದ್ಧ ಪ್ರಚಾರದ ಉಪನ್ಯಾಸಕ ಎಂದು ಸೇರಿಸಿದೆ. ಸರ್ಕಾರದ ಸಂಬಳ ತಿನ್ನುವವನು ಜೈಲಿನಲ್ಲಿರುವವನ ಪರವಾಗಿ ಹೆಸರು ಹಾಕಿದರೆ ಕೆಲಸ ಉಳಿಯುವುದು ಕಷ್ಟ ಎಂದು ಜವಾನ ಮೆಲ್ಲಗೆ ಎಚ್ಚರಿಸಿದ. ಗೊತ್ತು ಎಂದೆ. ಅವಳು ಹಾಳೆಯ ಕೆಳಗೆ ನೋಡಿ, ಈಗ ಸರಿ ಎಂದಳು.

ಹೊತ್ತು ಮೀರಿದ್ದರಿಂದ ಆ ಜಗಲಿಯಲ್ಲೇ ಚಾಪೆ ಹಾಕಿದರು. ಅಂದು ಆ ಚಿತ್ರ ಬಿದ್ದ ಹೊತ್ತಿಗೆ, ಏಳು ಹತ್ತಕ್ಕೆ, ಗಡಿಯಾರ ನೋಡಬೇಕೆಂದುಕೊಂಡಿದ್ದೆ. ಅವಳು ಬಡಿಸಿದ ಮುದ್ದೆ ಉಣ್ಣುವುದರಲ್ಲಿ ಆ ಹೊತ್ತು ಕಳೆದುಹೋಗಿತ್ತು. ಅರ್ಜಿಯನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದೆ. ಅದು ಗುರುವಾರ. ಶುಕ್ರವಾರ ಬೆಳಗ್ಗೆ ಬಿಸಿಲು ಮುಖಕ್ಕೆ ಬಿದ್ದ ಮೇಲೆ ಜವಾನ ನನ್ನ ಭುಜ ಅಲುಗಿಸಿದ. ಮೈಸೂರಿನ ಮೊದಲ ಬಸ್ಸು ತಪ್ಪಿಹೋಗಿತ್ತು.