ಗಾಣದ ಮನೆಯ ಗೋಡೆ

ನನ್ನ ಮೊದಲ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಯುದ್ಧದ ಕಾಲ ಅದು. ಸೀಮೆಎಣ್ಣೆಯನ್ನು ಚೀಟಿಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು. ಹೊಸಪೇಟೆಗೆ ಕರೆಂಟು ಬಂದಿದ್ದರೂ ಚಿತ್ತವಾಡ್ಗಿಯ ನಮ್ಮ ಮನೆಯ ತನಕ ತಂತಿ ಎಳೆದಿರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಇತ್ತು. ಮೊಳದುದ್ದವೂ ಇರದ ಕೂಸನ್ನು ಡಾಕ್ಟರಮ್ಮ ಹತ್ತಿ ಹಾಸಿದ ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ಬಲ್ಬು ಉರಿಸಿಟ್ಟಿದ್ದರು. ಆ ಬಲ್ಬಿನ ಬಿಸಿಯಲ್ಲೇ ಅವಳ ಜೀವ ನಿಂತಿತ್ತು.

ಮಾರ್ಗಶಿರದಲ್ಲಿ ಮದ್ರಾಸಿನ ಕಡೆಯಿಂದ ತೂಫಾನು ಬಂತು. ಮಳೆ ಬಿಡಲೇ ಇಲ್ಲ, ಜೊತೆಗೆ ಹಲ್ಲು ಕಟಕಟ ಅನ್ನಿಸುವ ಗಾಳಿ. ಒಂದು ಬೆಳಿಗ್ಗೆ ನಾನು ನೋಡುತ್ತಿದ್ದಂತೆಯೇ ಬಲ್ಬು ಕೆಂಪಗಾಗಿ ಆರಿಹೋಯಿತು. ಊರಾಚೆ ಕಂಬಗಳು ಉರುಳಿ ತಂತಿ ಹರಿದಿದೆ ಎಂದು ಯಾರೋ ಬಂದು ಹೇಳಿದರು. ಡಾಕ್ಟರಮ್ಮ ಬಿಸಿನೀರಿನ ಬಾಟ್ಲಿಗಳನ್ನು ಕೂಸಿನ ಸುತ್ತ ಇಡಿಸಿದರು. ಆದರೆ ಆಸ್ಪತ್ರೆಯ ಸೌದೆಯೆಲ್ಲ ನೆನೆದು ಬರೀ ಹೊಗೆ ಉಗುಳುತ್ತಿತ್ತು. ಊರಿಗೆ ಇದ್ದಿಲು ಬರುತ್ತಿದ್ದುದು ಸಂಡೂರಿನ ಗುಡ್ಡದಿಂದ. ಅದನ್ನು ತರಲು ಹೋದ ನನ್ನ ಗಂಡ ಮಧ್ಯಾಹ್ನದ ಹೊತ್ತಿಗೆ ಬರಿಗೈಲಿ ಮರಳಿದರು.

"ಹಳ್ಳ ಬಂದು ದಾರಿ ಕೊಚ್ಚಿಹೋಗ್ಯಾದ. ಗಾಡಿ ಎಲ್ಲಾ ಆಚೀಗೇ ನಿಂತಾವ," ಎಂದರು.

ನಾನು ಕೂಸಿನ ಪಾದ ಮುಟ್ಟಿದೆ. ತಣ್ಣಗಿತ್ತು. ಅಳುವ ಶಕ್ತಿಯೂ ಅವಳಿಗಿರಲಿಲ್ಲ.

ಆಗ ನನ್ನ ಅತ್ತೆ ಎದ್ದು ನಿಂತರು. "ನಮ್ಮ ಓಣಿ ಹಿಂದಿನ ಗಾಣದ ಮನ್ಯಾಗ ಒಣಗಿದ ಕಬ್ಬಿನ ಸಿಪ್ಪೆ ಐತಿ. ಇಲ್ಲಿಗೆ ತಂದ್ರ ನೆನೀತದ, ಕೂಸಿನ್ನೇ ಅಲ್ಲಿಗೆ ಒಯ್ಯೋಣು."

"ಈ ಮಳ್ಯಾಗ? ದಾರ್ಯಾಗ ಏನಾರ ಆದ್ರ?" ಡಾಕ್ಟರಮ್ಮನ ದನಿ ಏರಿತು.

"ಇಲ್ಲೇ ಇದ್ರ ಏನಾಗ್ತದ, ನೀವೇ ಹೇಳ್ರಿ."

ಡಾಕ್ಟರಮ್ಮ ಕೂಸನ್ನೆತ್ತಿ ನನ್ನ ಎದೆಗೆ ಒತ್ತಿ ಹಿಡಿದು, ತಾವೇ ಬಟ್ಟೆ ಸುತ್ತಿ ಕಟ್ಟಿದರು. ಅತ್ತೆ ಮೇಲೆ ಕಂಬಳಿ ಹೊದಿಸಿದರು. ನಾವು ಹತ್ತಿದ ಜಟಕಾ ಕೆಸರಿನಲ್ಲಿ ವಾಲಿದಾಗಲೆಲ್ಲ ನಾನು ಉಸಿರು ಬಿಗಿಹಿಡಿದು, ಎದೆಗಂಟಿದ ಆ ಸಣ್ಣ ಉಸಿರನ್ನು ಹುಡುಕುತ್ತಿದ್ದೆ. ಒಮ್ಮೆ ಅದು ಸಿಗಲೇ ಇಲ್ಲ. ಕಿರುಚಬೇಕೆನ್ನುವಷ್ಟರಲ್ಲಿ ಮತ್ತೆ ಸಿಕ್ಕಿತು.

ಗಾಣದ ಯಜಮಾನ ಬಾಗಿಲಲ್ಲೇ ಇದ್ದ. ಮಳೆಯಿಂದ ಬೆಲ್ಲದ ಕೆಲಸ ನಿಂತಿತ್ತು. ಕಡಿದು ತಂದ ಕಬ್ಬು ರಾಶಿ ಬಿದ್ದಿತ್ತು. ಆ ಕಬ್ಬಿನ ಹಾಲು ಕಾಯಿಸಲೆಂದೇ ಅವನು ಸಿಪ್ಪೆಯನ್ನು ತಗಡಿನಡಿ ಕಾಪಾಡಿಟ್ಟಿದ್ದ. ಅತ್ತೆ ಮಾತು ಮುಗಿಸುವ ಮೊದಲೇ ಅವನು, "ಒಳಗ ಬರ್ರಿ ಅಕ್ಕಾ, ಜಲ್ದಿ ಬರ್ರಿ," ಎಂದ.

ಬೆಲ್ಲ ಪೇರಿಸಿಡುವ ಕೋಣೆ ಒಲೆಯ ಹಿಂದೆಯೇ ಇತ್ತು. ನಡುವೆ ಒಂದೇ ಗೋಡೆ, ಹಾಗಾಗಿ ಹೊಗೆ ಇತ್ತ ಬರುತ್ತಿರಲಿಲ್ಲ. ಖಾಲಿ ಕೊಪ್ಪರಿಗೆ ಸುಟ್ಟುಹೋದೀತೆಂದು ಯಜಮಾನ ಅದಕ್ಕೆ ನೀರು ತುಂಬಿಸಿ ಬೆಂಕಿ ಹಚ್ಚಿದ. ನನ್ನ ಗಂಡ ಒಲೆಯ ಬಾಯಲ್ಲಿ ಕುಳಿತು ಸಿಪ್ಪೆ ತಳ್ಳತೊಡಗಿದರು. ಸಿಪ್ಪೆ ಭರ್ರನೆ ಉರಿದು ಬೇಗ ಬೂದಿಯಾಗುತ್ತದೆ, ಕೈ ಬಿಡುವಂತಿರಲಿಲ್ಲ. ನಿಧಾನವಾಗಿ ಗೋಡೆ ಕಾಯಿತು. ನಾನು ಅದಕ್ಕೆ ಬೆನ್ನು ಕೊಟ್ಟು ಕುಳಿತೆ. ಅತ್ತೆ ಕೂಸಿನ ಕಾಲು ಮುಟ್ಟುವುದು, ಕಂಬಳಿ ಸರಿಪಡಿಸುವುದು, ಮತ್ತೆ ಮುಟ್ಟುವುದು. ಸಂಜೆಯ ಹೊತ್ತಿಗೆ ಅವರ ಮುಖ ಸಡಿಲವಾಯಿತು.

"ಕಾಲು ಬೆಚ್ಚಗಾಗ್ಯಾವ, ನೋಡವ್ವ."

ಕರೆಂಟು ಬರುವ ತನಕ ನಾವು ಅಲ್ಲೇ ಉಳಿದೆವು. ಡಾಕ್ಟರಮ್ಮ ದಿನವೂ ಕೆಸರು ತುಳಿದು ಬಂದು ನೋಡಿ ಹೋದರು. ಹತ್ತಿಯ ಬತ್ತಿಯನ್ನು ನನ್ನ ಹಾಲಿನಲ್ಲಿ ಅದ್ದಿ ತುಟಿಗೆ ಹಿಂಡಿದರೆ ಅವಳು ಚೀಪತೊಡಗಿದ್ದಳು. ಹೊರಡುವ ದಿನ ತಗಡಿನಡಿ ಸಿಪ್ಪೆ ಉಳಿದಿರಲಿಲ್ಲ; ರಾಶಿಯ ಕಬ್ಬು ಹುಳಿ ನಾರುತ್ತಿತ್ತು. ನನ್ನ ಗಂಡ ಅವನ ನಷ್ಟ ಕಟ್ಟಿಕೊಡುವ ಮಾತು ಹೇಳಲು ಹೋದರು. ಯಜಮಾನ ಹೇಳಗೊಡಲಿಲ್ಲ.

"ಬ್ಯಾಡ ಬಿಡ್ರಿ. ಮೊದ್ಲು ಕೂಸಿನ್ನ ಒಯ್ರಿ, ಗಾಳಿ ಇನ್ನೂ ಭಾಳ ಐತಿ," ಎಂದು ಕಂಬಳಿಯ ಅಂಚನ್ನು ಅವಳ ತಲೆಯ ಮೇಲೆ ಎಳೆದ.